ಗೋದಲಿಗೆ ಹುಲ್ಲು ಸಾಲದೇ?

ಆಗಮನ ಕಾಲ ಆರಂಭವಾಗಿದೆ. ಪೂಜಾಪೀಠಕ್ಕೆ ನೇರಳೆ ವಸ್ತ್ರ ಬಂದಿದೆ. ಆದಿತ್ಯವಾರದ ಬಲಿಪೂಜೆಯಲ್ಲಿ ಮಹಿಮಾಗಾನ ಕೇಳಿಬರುತ್ತಿಲ್ಲ. ಮಾತೆ ಧರ್ಮಸಭೆಯು ತನ್ನ ಮಕ್ಕಳಿಗೆ ಕಾಯುವುದನ್ನು ಕಲಿಸಲೆಂದು ಇರಿಸಿದ ನಾಲ್ಕು ವಾರಗಳಿವು. ಆದರೆ ಇದೇ ನಾಲ್ಕು ವಾರಗಳಲ್ಲಿ ಪೇಟೆಯು ಕಲಿಸುವ ಪಾಠವೇ ಬೇರೆ. ಮಂಗಳೂರಿನಲ್ಲಾಗಲಿ, ಉಡುಪಿ ಕುಂದಾಪುರಗಳಲ್ಲಾಗಲಿ, ನವೆಂಬರ್ ಮುಗಿಯುವ ಮೊದಲೇ ಅಂಗಡಿಗಳ ಎದುರು ಪ್ಲಾಸ್ಟಿಕ್ ನಕ್ಷತ್ರಗಳು ತೂಗತೊಡಗುತ್ತವೆ. ಕೆಂಪು ಟೊಪ್ಪಿಗಳು, ಬಂಗಾರ ಬಣ್ಣದ ಗುಂಡುಗಳು, ಹೊಳೆಯುವ ಸುರುಳಿಗಳು, ಮಡಚಿ ಪೆಟ್ಟಿಗೆಯಲ್ಲಿಟ್ಟ ಮರಗಳು ರಾಶಿ ಬೀಳುತ್ತವೆ. ಜನವರಿಯ ಎರಡನೆಯ ವಾರದಲ್ಲಿ ಇವುಗಳ ಬಹುಪಾಲು ಎಲ್ಲಿ ಬಿದ್ದಿರುತ್ತದೆ ಎಂಬುದನ್ನು ವಾಚಕರಿಗೆ ನಾವು ತಿಳಿಸಬೇಕಾಗಿಲ್ಲ.

'ಪರಿಸರಸ್ನೇಹಿ ಹಬ್ಬ' ಎಂಬ ಮಾತು ಇಂದು ಶಾಲಾ ಮಕ್ಕಳ ಪ್ರಬಂಧ ಸ್ಪರ್ಧೆಯ ವಿಷಯವಾಗಿ ಸವೆದುಹೋಗಿದೆ. ಅದನ್ನು ಕೇಳಿದೊಡನೆ ನಮ್ಮ ಹಿರಿಯರಲ್ಲಿ ಹಲವರು, ಇದು ನಗರಸಭೆಯವರ ಕೆಲಸ, ದೇವಾಲಯದಲ್ಲಿ ಮಾತನಾಡುವ ವಿಷಯವಲ್ಲ ಎಂದು ಭಾವಿಸುತ್ತಾರೆ. ಪ್ರಸಂಗದಲ್ಲಿ ಕಸದ ಮಾತೆತ್ತಿದರೆ, ಫಾದರ್‌ಗೆ ಇಂದು ಶುಭಸಂದೇಶ ಸಿಗಲಿಲ್ಲವೇ ಎಂದು ಕೇಳುವವರೂ ಉಂಟು. ನಮ್ಮ ಅಭಿಪ್ರಾಯ ಇದಕ್ಕೆ ವಿರುದ್ಧವಾದುದು. ವರ್ಷದ ಬೇರಾವ ಹಬ್ಬದಲ್ಲಿ ಈ ಪ್ರಶ್ನೆಯನ್ನು ಬದಿಗಿರಿಸಿದರೂ ಕ್ರಿಸ್ತ ಜಯಂತಿಯಂದು ಬದಿಗಿರಿಸಲಾಗದು. ಏಕೆಂದರೆ ಅಂದು ನಾವು ಆಚರಿಸುವ ವಿಶ್ವಾಸದ ಸತ್ಯವೇ ವಸ್ತುಗಳ ಕುರಿತಾದುದು.

ಸ್ವಲ್ಪ ವಿವರಿಸೋಣ. ದೇವರು ಒಂದು ಉಪದೇಶವಾಗಿ, ಒಂದು ಒಳ್ಳೆಯ ವಿಚಾರವಾಗಿ ಬಂದರೆಂದು ನಾವು ಹಬ್ಬ ಮಾಡುವುದಿಲ್ಲ. ಅವರು ರಕ್ತಮಾಂಸಗಳನ್ನು ಧರಿಸಿ ಬಂದರೆಂದು ಹಬ್ಬ ಮಾಡುತ್ತೇವೆ. ಆ ಶಿಶುವಿಗೆ ತಾಯಿಯ ಹಾಲು ಬೇಕಾಯಿತು, ಸುತ್ತಲು ಬಟ್ಟೆ ಬೇಕಾಯಿತು, ಮಲಗಲು ದನಗಳಿಗೆ ಮೇವು ಹಾಕುವ ಗೋದಲಿಯಾದರೂ ಬೇಕಾಯಿತು. ಭೌತವಸ್ತುವೆಲ್ಲ ಕೆಟ್ಟದ್ದು, ಆತ್ಮವೊಂದೇ ಒಳ್ಳೆಯದು ಎಂದು ಸಾಧಿಸಿದ ಮಾನಿಯ ಮತವನ್ನು ಸಂತ ಅಗಸ್ಟೀನರು ಯೌವನದಲ್ಲಿ ಸುಮಾರು ಒಂಬತ್ತು ವರ್ಷ ಅನುಸರಿಸಿದ್ದರು. ಮುಂದೆ ಅದನ್ನು ತೊರೆದು, ತಮ್ಮ ಲೇಖನಿಯಿಂದ ಬಲವಾಗಿ ಖಂಡಿಸಿದರು. ನೀರು, ಎಣ್ಣೆ, ರೊಟ್ಟಿ, ದ್ರಾಕ್ಷಾರಸಗಳಿಲ್ಲದೆ ಸಂಸ್ಕಾರಗಳನ್ನು ನೀಡಲಾರದ ಧರ್ಮಸಭೆಯು ವಸ್ತುವನ್ನು ಹಗುರವಾಗಿ ಕಾಣುವುದು ಎಂದಿಗೂ ಸಾಧ್ಯವಿಲ್ಲ.

ಅದೇ ಅಗಸ್ಟೀನರು ಕ್ರೈಸ್ತ ಬೋಧನೆಯನ್ನು ಕುರಿತು ಬರೆದ ಗ್ರಂಥದ ಮೊದಲ ಭಾಗದಲ್ಲಿ ಒಂದು ವಿಂಗಡಣೆಯನ್ನು ಮಾಡುತ್ತಾರೆ. ಕೆಲವು ಆನಂದಿಸಲು ಇರುವಂಥವು, ಕೆಲವು ಬಳಸಲು ಇರುವಂಥವು. ಪರಮಾರ್ಥದಲ್ಲಿ ಆನಂದಿಸತಕ್ಕದ್ದು ದೇವರನ್ನು. ಉಳಿದವುಗಳನ್ನು ಆ ದಾರಿಯಲ್ಲಿ ಬಳಸಬೇಕು. ಸೆಮಿನರಿಯ ತತ್ತ್ವಶಾಸ್ತ್ರದ ತರಗತಿಗಳಲ್ಲಿ ಈ ಪಾಠ ಕೇಳಿದಂದಿನಿಂದ ಎಷ್ಟೋ ಸಂದರ್ಭಗಳಲ್ಲಿ ಅದು ನಮಗೆ ನೆರವಾಗಿದೆ. ಆದರೆ ನಮ್ಮ ಕಾಲವು ಆ ಮಹಾನುಭಾವರ ಕಲ್ಪನೆಗೆ ಬಾರದಿದ್ದ ಮೂರನೆಯ ವರ್ಗವೊಂದನ್ನು ಸೃಷ್ಟಿಸಿದೆ: ಬಿಸಾಡುವುದಕ್ಕೆಂದೇ ಮಾಡಿದ ವಸ್ತುಗಳು. ಒಂದು ವಸ್ತುವನ್ನು ಅರಿಯಬೇಕಾದರೆ ಅದು ಯಾವುದರಿಂದ ಆಯಿತು, ಯಾರಿಂದ ಆಯಿತು ಎಂದಷ್ಟೇ ಕೇಳಿದರೆ ಸಾಲದು, ಯಾವುದಕ್ಕಾಗಿ ಆಯಿತು ಎಂದೂ ಕೇಳಬೇಕು ಎಂದು ಅರಿಸ್ಟಾಟಲನು ಕಲಿಸಿದ್ದಾನೆ. ಹತ್ತು ನಿಮಿಷ ಕೈಯಲ್ಲಿದ್ದು, ಮುಂದೆ ಹಲವಾರು ತಲೆಮಾರು ಮಣ್ಣಿನಲ್ಲಿರುವ ಒಂದು ಪ್ಲಾಸ್ಟಿಕ್ ಲೋಟವು ಯಾವುದಕ್ಕಾಗಿ ಆಯಿತು? ಕುಡಿಯುವುದಕ್ಕಾಗಿ ಎಂಬ ಉತ್ತರ ಪೂರ್ಣ ಸತ್ಯವಲ್ಲ. ಕುಡಿಯುವುದಕ್ಕೆ ಸ್ಟೀಲಿನ ಲೋಟ ಮೊದಲೇ ಮನೆಯಲ್ಲಿತ್ತು. ತೊಳೆಯಬೇಕಾಗಿ ಬಾರದಿರಲಿ ಎಂಬುದಕ್ಕಾಗಿ, ಎಂದರೆ ಬಿಸಾಡುವುದಕ್ಕಾಗಿಯೇ, ಅದು ಆಯಿತು.

ಇಂತಹ ವಸ್ತುಗಳಲ್ಲಿ ನಮಗೆ ಅತ್ಯಂತ ಸಂಕಟ ಉಂಟುಮಾಡುವುದು ಥರ್ಮೊಕೋಲ್. ಏಕೆಂದರೆ ಅದು ಗೋದಲಿಯೊಳಕ್ಕೇ ಬಂದು ಕುಳಿತಿದೆ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು ಹಿಟ್ಟು ಹುಳಿಬಂದಂತೆ ಉಬ್ಬಿಸಿ ಅದನ್ನು ತಯಾರಿಸುತ್ತಾರೆ. ಗಾತ್ರದಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಬರಿಯ ಗಾಳಿ. ತೂಕವಿಲ್ಲದ್ದರಿಂದ ಗುಜರಿಯವರು ಮುಟ್ಟುವುದಿಲ್ಲ. ಮುರಿದರೆ ಸಾಬೂದಾಣಿಯಂತಹ ಹರಳುಗಳಾಗಿ ಉದುರುತ್ತದೆ, ಆದರೆ ಕೊಳೆಯುವುದಿಲ್ಲ. ಡಿಸೆಂಬರಿನಲ್ಲಿ ನಮ್ಮ ಕರಾವಳಿಗೆ ಮಳೆ ಇಲ್ಲದ ಕಾರಣ ದೇವಾಲಯದ ಹಿಂಬದಿಯ ಗೋಡೆಗೆ ಒರಗಿಸಿಟ್ಟ ಥರ್ಮೊಕೋಲ್ ಬೆಟ್ಟ ಗುಡ್ಡಗಳು ಐದು ತಿಂಗಳು ಅಲ್ಲಿಯೇ ಸುಮ್ಮನೆ ಬಿದ್ದಿರುತ್ತವೆ. ಜೂನ್ ತಿಂಗಳ ಮೊದಲ ಜಡಿಮಳೆಗೆ ಹರಳುಗಳು ತೋಡು ಸೇರಿ, ತೋಡಿನಿಂದ ನೇತ್ರಾವತಿಯನ್ನೋ ಫಲ್ಗುಣಿಯನ್ನೋ ಸೇರಿ, ಅಳಿವೆ ದಾಟಿ ಕಡಲಿಗೆ ಹೋಗುತ್ತವೆ. ಆ ಕಡಲಿನಲ್ಲಿ ಬಲೆ ಬೀಸುವವರಲ್ಲಿ ನಮ್ಮವರೂ ಇದ್ದಾರೆ. ಆ ಮೀನು ಉಣ್ಣುವವರು ನಾವೆಲ್ಲರೂ.

ಕಾನೂನಿನ ಮಾತೂ ಇದೆ. ಕರ್ನಾಟಕ ಸರಕಾರವು 2016ರಲ್ಲಿಯೇ ಪ್ಲಾಸ್ಟಿಕ್ ಚೀಲ, ಫ್ಲೆಕ್ಸ್, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಪದಾರ್ಥಗಳ ಮೇಲೆ ಕೇಂದ್ರ ಸರಕಾರವು 2022ರ ಜುಲೈ 1ರಿಂದ ಜಾರಿಗೆ ತಂದ ನಿಷೇಧದ ಪಟ್ಟಿಯಲ್ಲಿ ಅಲಂಕಾರಕ್ಕೆ ಬಳಸುವ ಥರ್ಮೊಕೋಲಿನ ಹೆಸರು ಸ್ಪಷ್ಟವಾಗಿಯೇ ಇದೆ. ಹೀಗಿದ್ದೂ ಹಾಳೆ ಹಾಳೆಯಾಗಿ ಅದನ್ನು ತಂದು ಬೆತ್ಲೆಹೇಮ್ ಕಟ್ಟುತ್ತೇವೆ. ಮೇಲೆ ಹಿಮವನ್ನೂ ಉದುರಿಸುತ್ತೇವೆ. ಬೆತ್ಲೆಹೇಮಿನಲ್ಲಿಯೇ ಅಪರೂಪವಾದ ಹಿಮಪಾತವು ಬಂಟ್ವಾಳದ ಗೋದಲಿಯಲ್ಲಿ ಪ್ರತಿವರ್ಷ ತಪ್ಪದೆ ಆಗುತ್ತಿರುವುದು ಹವಾಮಾನ ಇಲಾಖೆಯವರು ಗಮನಿಸಬೇಕಾದ ಸಂಗತಿ!

ಗೋದಲಿಯ ಮೂಲವನ್ನು ಇಲ್ಲಿ ಸ್ಮರಿಸುವುದು ಉಚಿತ. 1223ರ ಕ್ರಿಸ್ತ ಜಯಂತಿಯಂದು ಇಟಲಿಯ ರಿಯೇತಿ ಕಣಿವೆಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಮೊದಲ ಗೋದಲಿಯನ್ನು ಸಿದ್ಧಪಡಿಸಿದರು. ಅವರ ಚರಿತ್ರೆಯನ್ನು ಬರೆದ ಚೆಲಾನೊದ ತೊಮಾಸರು ಆ ರಾತ್ರಿಯನ್ನು ಸವಿಸ್ತಾರವಾಗಿ ವರ್ಣಿಸಿದ್ದಾರೆ. ಅಲ್ಲಿ ಪ್ರತಿಮೆಗಳಿರಲಿಲ್ಲ. ಒಂದು ಗೋದಲಿ, ಅದರ ತುಂಬ ಹುಲ್ಲು, ಒಂದು ಎತ್ತು, ಒಂದು ಕತ್ತೆ. ಸುತ್ತಮುತ್ತಲಿನ ಜನರು ದೀವಟಿಗೆ, ಮೇಣದ ಬತ್ತಿಗಳನ್ನು ಹಿಡಿದು ಬಂದರು. ಗೋದಲಿಯ ಬಳಿಯಲ್ಲಿಯೇ ಬಲಿಪೂಜೆ ನಡೆಯಿತು. ಎಲ್ಲವೂ ಆ ಹಳ್ಳಿಯಲ್ಲಿ ಇದ್ದದ್ದೇ. ಹೊರಗಿನಿಂದ ಕೊಂಡು ತಂದದ್ದೆಂದು ತೊಮಾಸರು ಏನನ್ನೂ ಹೇಳಿಲ್ಲ. ದಿವಂಗತ ಪೋಪ್ ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಅದೇ ಗ್ರೆಚ್ಚೊದಲ್ಲಿ ಗೋದಲಿಯ ಅರ್ಥವನ್ನು ಕುರಿತ ಪ್ರೇಷಿತ ಪತ್ರಕ್ಕೆ ಸಹಿ ಹಾಕಿದರು. ಮನೆಮನೆಗಳಲ್ಲಿ ಗೋದಲಿ ಕಟ್ಟುವ ಪದ್ಧತಿ ಉಳಿಯಲಿ, ಬೆಳೆಯಲಿ ಎಂದು ಪ್ರೋತ್ಸಾಹಿಸಿದರು. ಆದುದರಿಂದ ಗೋದಲಿಯನ್ನೇ ಬಿಟ್ಟುಬಿಡೋಣ ಎನ್ನುವವರ ಜತೆ ನಾವು ಇಲ್ಲ.

ನಮ್ಮ ಕರಾವಳಿಯ ಹಳೆಯ ಗೋದಲಿಯು ಗ್ರೆಚ್ಚೊದ ಗೋದಲಿಗೆ ಬಹಳ ಹತ್ತಿರವಾಗಿತ್ತು. ಆಗಮನ ಕಾಲದ ಎರಡನೆಯ ಮೂರನೆಯ ವಾರದಲ್ಲಿ ಮನೆಯ ಮಕ್ಕಳು ತೆಂಗಿನ ಚಿಪ್ಪುಗಳಲ್ಲಿ, ಒಡೆದ ಮಡಕೆಯ ತಳಗಳಲ್ಲಿ ಮಣ್ಣು ತುಂಬಿ ಭತ್ತವನ್ನೋ ರಾಗಿಯನ್ನೋ ಬಿತ್ತುತ್ತಿದ್ದರು. ಹಬ್ಬದ ಹೊತ್ತಿಗೆ ಗೇಣುದ್ದದ ಹಸಿರು ಪೈರು ಬೆತ್ಲೆಹೇಮಿನ ಹೊಲವಾಗುತ್ತಿತ್ತು. ಮುಳಿಹುಲ್ಲಿನ ಮಾಡು, ಬೈಹುಲ್ಲಿನ ಹಾಸು, ಕೆಂಪುಕಲ್ಲಿನ ಚೂರುಗಳಿಂದ ಬೆಟ್ಟ, ಅಡಿಕೆ ಸಲಾಕೆಯ ಬೇಲಿ. ಕುರುಬರ ಕಾಲು ಮುರಿದಿದ್ದರೆ ಮಣ್ಣಿನ ಗುಡ್ಡೆಗೆ ಒರಗಿಸಿ ನಿಲ್ಲಿಸುವುದು. ಬಿತ್ತಿದ ದಿನದಿಂದ ಹಬ್ಬದ ದಿನದವರೆಗೆ ದಿನವೂ ನೀರು ಹನಿಸಿ, ಮೊಳಕೆ ಬಂತೇ ಎಂದು ಇಣುಕಿ ನೋಡುವುದೇ ಮಕ್ಕಳ ಆಗಮನ ಕಾಲವಾಗಿತ್ತು. ನಾವು ಧರ್ಮೋಪದೇಶದ ತರಗತಿಗಳಲ್ಲಿ ಕಾಯುವಿಕೆಯ ಬಗ್ಗೆ ಎಷ್ಟು ಹೇಳಿದರೂ ಒಂದು ಚಿಪ್ಪು ಭತ್ತದ ಮೊಳಕೆಯಷ್ಟು ಚೆನ್ನಾಗಿ ಹೇಳಲಾರೆವು.

ಈ ಗೋದಲಿ ಏಕೆ ಕಾಣೆಯಾಯಿತು? ಗದ್ದೆ ಬೇಸಾಯ ಕಡಿಮೆಯಾಗಿ ಬೈಹುಲ್ಲು ಸಿಗುವುದು ಕಷ್ಟವಾಯಿತೆಂಬುದು ಒಂದು ಕಾರಣ, ಅದನ್ನು ಅಲ್ಲಗಳೆಯಲಾಗದು. ಆದರೆ ಮುಖ್ಯ ಕಾರಣ ಸ್ಪರ್ಧೆ. ವಾಳೆವಾಳೆಗಳ ನಡುವೆ ಗೋದಲಿ ಸ್ಪರ್ಧೆ ಬಂದಂದಿನಿಂದ ಗೋದಲಿಯ ಎತ್ತರ ಏರತೊಡಗಿತು. ತಿರುಗುವ ಚಕ್ರ, ಹರಿಯುವ ನೀರು, ಕಣ್ಣು ಮಿಟುಕಿಸುವ ದೀಪಗಳು ಬಂದವು. ಬಾಲಯೇಸು ಎಲ್ಲಿದ್ದಾರೆಂದು ಹುಡುಕಬೇಕಾಯಿತು. ಕಳೆದ ವರ್ಷ ನಮ್ಮ ಧರ್ಮಕೇಂದ್ರದ ಪಾಲನಾ ಮಂಡಳಿಯ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬಂದಾಗ ಹಿರಿಯರೆಲ್ಲರೂ ಯುವಕರನ್ನು ದೂರಿದರು. ಕೊನೆಯಲ್ಲಿ ಯುವ ಸಂಘಟನೆಯ ಹುಡುಗನೊಬ್ಬ ಎದ್ದು ನಿಂತು, "ಫಾದರ್, ಬಹುಮಾನ ಹೋಗುವುದು ದೊಡ್ಡದಕ್ಕೆ. ಹಾಗಾಗಿ ನಾವು ದೊಡ್ಡದು ಮಾಡುತ್ತೇವೆ. ಚಿಕ್ಕದಕ್ಕೆ ಬಹುಮಾನ ಕೊಟ್ಟು ನೋಡಿ" ಎಂದನು. ಸಭೆ ಒಂದು ಕ್ಷಣ ಸುಮ್ಮನಾಯಿತು. ಆ ಹುಡುಗನ ಮಾತಿನಲ್ಲಿ ಅರಿಸ್ಟಾಟಲನ ಅಂತಿಮ ಕಾರಣವೆಲ್ಲ ಅಡಗಿತ್ತು! ಈ ವರ್ಷ ನಮ್ಮಲ್ಲಿ ಸ್ಪರ್ಧೆಯ ನಿಯಮ ಬದಲಾಗಿದೆ: ಗೋದಲಿಯಲ್ಲಿ ಬಳಸಿದ ಪದಾರ್ಥಗಳು ಹಬ್ಬದ ಬಳಿಕ ಎಲ್ಲಿಗೆ ಹೋಗುತ್ತವೆಂದು ಪ್ರತಿಯೊಂದು ವಾಳೆಯ ಗುರಿಕಾರರು ತೀರ್ಪುಗಾರರಿಗೆ ವಿವರಿಸಬೇಕು. ದನದ ಕೊಟ್ಟಿಗೆಗೆ, ತೆಂಗಿನ ಬುಡಕ್ಕೆ, ಅಥವಾ ಮುಂದಿನ ವರ್ಷಕ್ಕೆಂದು ಅಟ್ಟಕ್ಕೆ ಎಂಬ ಉತ್ತರಗಳಿಗೆ ಅಂಕ ಉಂಟು. ಬೇರೆ ಧರ್ಮಕೇಂದ್ರಗಳೂ ಇದನ್ನು ಪರೀಕ್ಷಿಸಿ ನೋಡಬಹುದು.

'ಎಲ್ಲಿಗೆ ಹೋಗುತ್ತದೆ' ಎಂಬ ಪ್ರಶ್ನೆಯನ್ನು ನಾವು ಇಷ್ಟು ಒತ್ತಿ ಕೇಳುವುದಕ್ಕೆ ಕಾರಣವಿದೆ. ಕಸವನ್ನು ಹೊರಗೆ ಹಾಕಿದೆವು ಎನ್ನುತ್ತೇವೆ. ಆದರೆ ಈ ಭೂಮಿಗೆ ಹೊರಗು ಎಂಬುದಿಲ್ಲ. ನಮ್ಮ ಹೊರಗು ಇನ್ನೊಬ್ಬರ ಅಂಗಳ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಬೆಟ್ಟ ಜಾರಿ ಮಂದಾರ ಎಂಬ ಊರಿಗೆ ನುಗ್ಗಿದ್ದನ್ನು ವಾಚಕರು ಮರೆತಿರಲಾರರು. ಮನೆಗಳು ಹಾಳಾದವು, ತೆಂಗು ಅಡಿಕೆಯ ತೋಟಗಳು ನಗರದ ತ್ಯಾಜ್ಯದಡಿ ಹೂತುಹೋದವು, ತಲೆತಲಾಂತರದಿಂದ ಅಲ್ಲಿ ಬಾಳಿದ ಕುಟುಂಬಗಳು ಮನೆಮಾರು ಬಿಟ್ಟು ಬೇರೆಡೆಗೆ ಹೋಗಬೇಕಾಯಿತು. ಅದು ಯಾರ ಕಸ? ನಗರದ ಎಲ್ಲರ ಕಸ. ಅದರಲ್ಲಿ ಎಲ್ಲ ಮತಗಳ ಹಬ್ಬಗಳ ಶೇಷವೂ ಇತ್ತು. ನಮ್ಮ ಹಬ್ಬಗಳದ್ದು ಇರಲಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ? ಛತ್ರದಲ್ಲಿ ಸ್ಥಳ ದೊರೆಯದೆ ಗೋದಲಿಯಲ್ಲಿ ಮಲಗಿದ ಶಿಶುವಿನ ಹುಟ್ಟುಹಬ್ಬದ ಕಸವು ಬೇರೊಂದು ಕುಟುಂಬದ ನೆಲೆಯನ್ನು ಕಸಿದುಕೊಳ್ಳಲು ಒಂದು ಹಿಡಿಯಷ್ಟಾದರೂ ಪಾಲು ಕೊಟ್ಟಿದೆಯಾದರೆ, ಅದನ್ನು ಕುರಿತು ದೇವಾಲಯದಲ್ಲಿ ಮಾತನಾಡದೆ ಮತ್ತೆಲ್ಲಿ ಮಾತನಾಡಬೇಕು? ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸಿ' ಎಂಬ ವಿಶ್ವಪತ್ರದಲ್ಲಿ ಭೂಮಿಯ ಮೊರೆಯನ್ನೂ ಬಡವರ ಮೊರೆಯನ್ನೂ ಒಟ್ಟಿಗೆ ಆಲಿಸಬೇಕೆಂದು ಬರೆದರು. ಅವರಿಗಿಂತ 25 ವರ್ಷ ಮೊದಲೇ, 1990ರ ಜನವರಿ 1ರ ವಿಶ್ವ ಶಾಂತಿ ದಿನದ ಸಂದೇಶವನ್ನು ಪೋಪ್ ಎರಡನೆಯ ಜಾನ್ ಪೌಲರು ಇದೇ ವಿಷಯಕ್ಕೆ ಮೀಸಲಿರಿಸಿದ್ದರು. ಆದ್ದರಿಂದ ಇದು ಹೊಸ ಫ್ಯಾಶನ್ ಎಂದು ಹೇಳುವವರು ತುಸು ಹಿಂದಕ್ಕೆ ನೋಡುವುದು ಒಳಿತು.

ಇಷ್ಟಾದ ಮೇಲೂ ಒಂದು ಆಕ್ಷೇಪವನ್ನು ನಾವು ಗಂಭೀರವಾಗಿ ಪರಿಗಣಿಸಬೇಕು. ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು, ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಓದಿಸುವವರು, ಹೀಗೆ ಹೇಳಿದರು: "ಫಾದರ್, ಬಿದಿರಿನ ನಕ್ಷತ್ರ ಚೆಂದವೇ. ಆದರೆ ಅದನ್ನು ಕಟ್ಟುವುದಕ್ಕೆ ನನ್ನಲ್ಲಿ ಸಮಯ ಎಲ್ಲಿದೆ? ಅಂಗಡಿಯದ್ದು ನೂರು ರೂಪಾಯಿಗೆ ಸಿಗುತ್ತದೆ, ಮಕ್ಕಳಿಗೆ ಸಂತೋಷವಾಗುತ್ತದೆ." ಈ ಮಾತಿಗೆ ಉಪದೇಶದ ಉತ್ತರವಿಲ್ಲ. ಅನುಕೂಲವಂತರು ಹಿತ್ತಿಲಿನಲ್ಲಿ ಬೆಳೆದ ಹಸಿರನ್ನು ತೋರಿಸಿ ಬಡವರ ಮನೆಯ ಪ್ಲಾಸ್ಟಿಕ್ ನಕ್ಷತ್ರವನ್ನು ಹಳಿಯುವುದು ಪರಿಸರಪ್ರೇಮವಲ್ಲ, ಅದು ಅಹಂಕಾರ. ಆ ತಾಯಿಯ ಮನೆಯಲ್ಲಿ ಈಗಾಗಲೇ ಇರುವ ಪ್ಲಾಸ್ಟಿಕ್ ನಕ್ಷತ್ರವು ಇನ್ನೂ ಹತ್ತು ವರ್ಷ ಜೋಪಾನವಾಗಿ ಬೆಳಗಲಿ. ಇರುವುದನ್ನು ಎಸೆದು 'ಪರಿಸರಸ್ನೇಹಿ' ಎಂಬ ಚೀಟಿ ಅಂಟಿಸಿದ ಹೊಸದನ್ನು ಕೊಳ್ಳುವುದಕ್ಕಿಂತ ಅದೇ ಲೇಸು. ಹೊಸದು ಬೇಕಾದವರಿಗೆ ಬೇರೆ ದಾರಿ ಹುಡುಕಬೇಕು. ಬಿದಿರಿನ ಕಡ್ಡಿ ಸೀಳಿ, ನೂಲಿನಲ್ಲಿ ಬಿಗಿದು, ಗಾಳಿಪಟದ ಕಾಗದ ಅಂಟಿಸಿ ಐದು ಮೂಲೆಯ ನಕ್ಷತ್ರ ಕಟ್ಟಬಲ್ಲ ಹಿರಿಯರು ಪ್ರತಿ ಧರ್ಮಕೇಂದ್ರದಲ್ಲಿ ಇನ್ನೂ ನಾಲ್ಕಾರು ಮಂದಿಯಾದರೂ ಇದ್ದಾರೆ. ಎರಡು ಶನಿವಾರ ಮಧ್ಯಾಹ್ನ ಯುವಜನರು ಅವರ ಬಳಿ ಕುಳಿತರೆ ಕೈಕೆಲಸ ಉಳಿಯುತ್ತದೆ, ಬೀಡಿ ಕಟ್ಟುವ ತಾಯಿಯ ಮನೆಗೂ ನಕ್ಷತ್ರ ತಲುಪುತ್ತದೆ.

ಹಾಗೆಯೇ ಬುಟ್ಟಿಗಳ ಮಾತು. ಈಚೆಗೆ ಹಬ್ಬದ ಉಡುಗೊರೆಗಳು ಹೊಳೆಯುವ ಪ್ಲಾಸ್ಟಿಕ್ ಹಾಳೆ ಸುತ್ತಿದ ತಟ್ಟೆಗಳಲ್ಲಿ ಬರುತ್ತಿವೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಕಾಡುಬಳ್ಳಿ ಮತ್ತು ಬಿದಿರಿನಿಂದ ಬುಟ್ಟಿ ಹೆಣೆಯುವುದರಲ್ಲಿ ಕೊರಗ ಸಮುದಾಯದವರಿಗೆ ಸಮಾನರಾದವರು ಇಲ್ಲ. ಅವರ ಬುಟ್ಟಿಗಳನ್ನು ಅವರು ಹೇಳಿದ ಬೆಲೆಗೆ, ಚೌಕಾಸಿ ಮಾಡದೆ ಕೊಂಡು, ಅದರಲ್ಲಿ ಕುಸ್ವಾರ್ ಇಟ್ಟು ಕಳುಹಿಸೋಣ. ಪಡೆದವರು ಆ ಬುಟ್ಟಿಯಲ್ಲಿ ಮುಂದೆ ಐದು ವರ್ಷ ಈರುಳ್ಳಿ ಇಡುತ್ತಾರೆ.

ಕುಸ್ವಾರಿನ ಹೆಸರು ಬಂದ ಮೇಲೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆವು. ಪರಿಸರದ ಮಾತಾಡುವವರು ಹಬ್ಬದ ಊಟಕ್ಕೆ ಶತ್ರುಗಳೆಂಬ ಭಯ ಕೆಲವರಲ್ಲಿದೆ. ಭಯ ಬೇಡ! ಚೆಲಾನೊದ ತೊಮಾಸರು ಬರೆದಂತೆ, ಒಮ್ಮೆ ಕ್ರಿಸ್ತ ಜಯಂತಿಯು ಶುಕ್ರವಾರ ಬಂದಾಗ ಮಾಂಸ ತಿನ್ನಬಹುದೇ ಎಂಬ ಚರ್ಚೆ ಎದ್ದಿತು. ಬಡತನವನ್ನೇ ವರಿಸಿದ ಸಂತ ಫ್ರಾನ್ಸಿಸರು, ಇಂತಹ ದಿನದಂದು ಗೋಡೆಗಳಿಗೂ ಮಾಂಸ ಉಣಿಸಬೇಕೆಂಬ ಅರ್ಥದಲ್ಲಿ ಉತ್ತರಿಸಿದರಂತೆ. ಅಂದು ಎತ್ತು ಕತ್ತೆಗಳಿಗೆ ಹೆಚ್ಚಿನ ಮೇವು ಹಾಕಬೇಕು, ಹಕ್ಕಿಗಳಿಗಾಗಿ ದಾರಿಗಳ ಮೇಲೆ ಕಾಳು ಚೆಲ್ಲಬೇಕೆಂದು ಚಕ್ರವರ್ತಿಯೇ ಆಜ್ಞೆ ಹೊರಡಿಸಬೇಕೆಂದೂ ಅವರು ಬಯಸಿದ್ದರು. ಆದುದರಿಂದ ಸಾನ್ನಾಂ, ಮಾಂಸದೂಟಗಳ ಜತೆ ನಮಗೆ ಜಗಳವಿಲ್ಲ. ನೆವ್ರಿ, ಕಿಡಿಯೊ, ಕೊಕ್ಕಿಸಾಂ, ಅಕ್ಕಿಯುಂಡೆಗಳಷ್ಟು ಪರಿಸರಸ್ನೇಹಿ ತಿಂಡಿಗಳು ಬೇರೆ ಯಾವುವು? ನಮ್ಮ ಅಕ್ಕಿ, ನಮ್ಮ ತೆಂಗು, ನಮ್ಮ ಬೆಲ್ಲ. ನೆರೆಹೊರೆಯ ಹೆಂಗಸರು ಒಟ್ಟಾಗಿ ಕುಳಿತ ಒಂದು ರಾತ್ರಿ. ಕೆಟ್ಟದ್ದು ಬಂದಿರುವುದು ತಿಂಡಿಯಲ್ಲಿ ಅಲ್ಲ, ಅದರ ಹೊದಿಕೆಯಲ್ಲಿ. ಹಿಂದೆ ನೆರೆಮನೆಗೆ ಸ್ಟೀಲಿನ ಡಬ್ಬಿಯಲ್ಲಿ ಕುಸ್ವಾರ್ ಹೋಗುತ್ತಿತ್ತು. ಹಿಂದೂ, ಮುಸಲ್ಮಾನ, ಜೈನ ನೆರೆಯವರು ಆ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುತ್ತಿರಲಿಲ್ಲ. ಅವರ ಹಬ್ಬ ಬಂದಾಗ ಹೋಳಿಗೆಯೋ ಕಡುಬೋ ತುಂಬಿ ಬರುತ್ತಿತ್ತು. ಎಸೆಯುವ ಡಬ್ಬಿಯಲ್ಲಿ ಕೊಟ್ಟರೆ ತಿಂಡಿ ಹೋಗುತ್ತದೆ, ಆದರೆ ಹಿಂದಿರುಗಿ ಬರುವ ನೆಪ ಹೋಗಿಬಿಡುತ್ತದೆ. ನಾಡಿನಲ್ಲಿ ನೆರೆಹೊರೆಯ ಬಾಂಧವ್ಯ ತೆಳುವಾಗುತ್ತಿರುವ ಈ ದಿನಗಳಲ್ಲಿ ಒಂದು ಸ್ಟೀಲಿನ ಡಬ್ಬಿಯು ಮಾಡುವ ಕೆಲಸ ದೊಡ್ಡದು.

ಐದು ಸಾವಿರ ಮಂದಿಗೆ ಉಣಿಸಿದ ಬಳಿಕ ಪ್ರಭು ಯೇಸು ಶಿಷ್ಯರಿಗೆ ಹೇಳಿದ ಕೆಲಸವನ್ನು ಸಂತ ಯೊವಾನ್ನರು ದಾಖಲಿಸಿದ್ದಾರೆ: ಉಳಿದ ಚೂರುಗಳು ಹಾಳಾಗದಂತೆ ಕೂಡಿಸಿಡುವುದು. ಹನ್ನೆರಡು ಬುಟ್ಟಿ ತುಂಬಿತು. ರೊಟ್ಟಿಯನ್ನು ಬೇಕಾದಷ್ಟು ಹೆಚ್ಚಿಸಬಲ್ಲವರಿಗೆ ಚೂರುಗಳ ಅಗತ್ಯವೇನಿತ್ತು? ಹೇರಳವಾಗಿರುವಾಗಲೂ ಹಾಳು ಮಾಡಬಾರದೆಂಬುದನ್ನು ತೋರಿಸುವ ಅಗತ್ಯವಿತ್ತು. ಕ್ರಿಸ್ತ ಜಯಂತಿಯ ರಾತ್ರಿ ಬಲಿಪೂಜೆಯ ಬಳಿಕ ದೇವಾಲಯದ ಅಂಗಳದಲ್ಲಿ ಕೇಕು, ಕಾಫಿ ಹಂಚಿದ ಮೇಲೆ ಸೈಕಲ್ ನಿಲ್ಲಿಸುವ ಜಾಗದವರೆಗೆ ಹಾರಾಡುವ ಲೋಟಗಳನ್ನು ಕಂಡವರಿಗೆ ಈ ಮಾತು ಅರ್ಥವಾದೀತು. ಕಾಗದದ ಲೋಟ ಎಂದು ಸಮಾಧಾನ ಪಡುವಂತಿಲ್ಲ. ಅದರ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಲೇಪ ಇರುತ್ತದೆ. ಇನ್ನೂರು ಮುನ್ನೂರು ಸ್ಟೀಲ್ ಲೋಟಗಳು ಒಂದು ಧರ್ಮಕೇಂದ್ರಕ್ಕೆ ಹೊರೆಯಲ್ಲ. ತೊಳೆಯುವ ಸರದಿಯಲ್ಲಿ ಗಂಡಸರ ಹೆಸರೂ ಇರಲಿ.

ಪಟಾಕಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸರ್ವೋಚ್ಚ ನ್ಯಾಯಾಲಯವು 2018ರ ಅಕ್ಟೋಬರ್ 23ರ ಆದೇಶದಲ್ಲಿ ಕ್ರಿಸ್ಮಸ್ ಮತ್ತು ಹೊಸವರ್ಷದ ಮುನ್ನಾ ರಾತ್ರಿಗಳಲ್ಲಿ 11.55ರಿಂದ 12.30ರವರೆಗೆ ಮಾತ್ರ ಪಟಾಕಿಗೆ ಅವಕಾಶ ನೀಡಿತು. ಸರಮಾಲೆ ಪಟಾಕಿಗಳನ್ನು ನಿಷೇಧಿಸಿತು. ಈಗ ಅನೇಕ ಧರ್ಮಕೇಂದ್ರಗಳಲ್ಲಿ ಜಾಗರಣೆಯ ಬಲಿಪೂಜೆ ಸಂಜೆ ಏಳೂವರೆಗೇ ಆರಂಭವಾಗುತ್ತದೆ. ಅದು ಮುಗಿದ ಕೂಡಲೇ ಒಂಬತ್ತು ಗಂಟೆಗೆ ಸಿಡಿಸುವ ಪಟಾಕಿಗೆ ಈ ಆದೇಶದ ರಕ್ಷಣೆಯಿಲ್ಲವೆಂಬುದನ್ನು ಪಾಲನಾ ಮಂಡಳಿಗಳು ಗಮನಿಸಲಿ. ನಮ್ಮನ್ನು ಕೇಳಿದರೆ, ಶಾಂತ ರಾತ್ರಿ ಎಂದು ಹಾಡಿದ ಐದೇ ನಿಮಿಷಕ್ಕೆ ಊರಿನ ನಾಯಿಗಳನ್ನೂ ತೊಟ್ಟಿಲ ಕೂಸುಗಳನ್ನೂ ಹೃದ್ರೋಗಿಗಳನ್ನೂ ಬೆಚ್ಚಿಬೀಳಿಸುವುದು ಯಾವ ತರ್ಕಕ್ಕೂ ನಿಲುಕದು. ದೇವಾಲಯದ ಗಂಟೆಗಿಂತ ದೊಡ್ಡ ಸದ್ದು ನಮಗೆ ಬೇಡ.

ಮರದ ವಿಷಯದಲ್ಲಿಯೂ ಒಂದು ತಪ್ಪು ತಿಳಿವಳಿಕೆ ಇದೆ. ಪ್ಲಾಸ್ಟಿಕ್ ಮರ ಕೊಂಡರೆ ಕಾಡು ಉಳಿಯಿತೆಂದು ಕೆಲವರು ನಂಬಿದ್ದಾರೆ. ಯುರೋಪಿನ ಫರ್ ಮರಗಳು ನಮ್ಮ ಕರಾವಳಿಯ ಕಾಡಿನಲ್ಲಿಲ್ಲ. ಇಲ್ಲದ ಮರವನ್ನು ಉಳಿಸುವ ಪ್ರಶ್ನೆ ಏಳುವುದಿಲ್ಲ. ಇಲ್ಲಿ ಹಿಂದೆ ತರುತ್ತಿದ್ದುದು ಗಾಳಿಮರದ ಒಂದು ಕೊಂಬೆಯನ್ನು. ಕಡಲ ಕೊರೆತ ತಡೆಯಲು ದಂಡೆಯಲ್ಲಿ ನೆಟ್ಟ ಗಾಳಿಮರಗಳಿಗೆ ಕತ್ತಿ ಹಾಕುವುದು ಸರ್ವಥಾ ಕೂಡದು. ಹಿತ್ತಿಲಿನಲ್ಲಿ ಇದ್ದವರು ಒಂದು ಕೊಂಬೆ ಕಡಿದುಕೊಳ್ಳಲಿ. ಇಲ್ಲದವರು ಕುಂಡದಲ್ಲಿರುವ ಯಾವ ಗಿಡವನ್ನಾದರೂ ಅಲಂಕರಿಸಲಿ. ಮಲ್ಲಿಗೆ ಬಳ್ಳಿಗೆ ನಕ್ಷತ್ರ ಕಟ್ಟಿದರೆ ಬಾಲಯೇಸು ಬೇಡವೆನ್ನುವರೇ? ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ 9 ದಿನ ಮಕ್ಕಳು ಮಾತೆ ಮರಿಯಮ್ಮನವರಿಗೆ ಅಂಗಳದ ಹೂಗಳನ್ನೇ ತಂದು ಅರ್ಪಿಸುತ್ತಾರೆ. ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ಯುತ್ತೇವೆ. ಬಾಳೆಲೆಯಲ್ಲಿ ತರಕಾರಿಯ ಊಟ ಮಾಡುತ್ತೇವೆ. ಆ ಹಬ್ಬ ಮುಗಿದ ಮರುದಿನ ಬಿಸಾಡಲು ಏನೂ ಇರುವುದಿಲ್ಲ. ತಾಯಿಯ ಜನ್ಮದಿನವನ್ನು ಹೀಗೆ ಆಚರಿಸಲು ಬಲ್ಲ ಜನರಿಗೆ ಮಗನ ಜನ್ಮದಿನವನ್ನು ಆಚರಿಸಲು ಹೊರದೇಶದ ಮಾದರಿ ಏಕೆ ಬೇಕೋ ತಿಳಿಯದು.

ಇತರರು ಮಾಡುವ ಮಾಲಿನ್ಯದ ಮುಂದೆ ನಮ್ಮ ಪುಟ್ಟ ಸಮುದಾಯದ್ದು ಎಷ್ಟು ಎಂದು ಕೇಳುವವರಿದ್ದಾರೆ. ಕಾರ್ಖಾನೆಗಳು, ದೊಡ್ಡ ದೇಶಗಳು ಮಾಡುವ ಹಾನಿ ಹೆಚ್ಚೆಂಬುದು ನಿಜ. ಅವರನ್ನು ಪ್ರಶ್ನಿಸುವ ಕರ್ತವ್ಯವೂ ನಮಗಿದೆ. ಆದರೆ ಪಾಪನಿವೇದನೆಯ ಪೀಠದ ಬಳಿ ಮೊಣಕಾಲೂರಿದವರು ನೆರೆಯವನ ಪಾಪ ಇನ್ನೂ ದೊಡ್ಡದೆಂದು ಹೇಳಿದರೆ ಯಾವ ಗುರುಗಳೂ ಒಪ್ಪುವುದಿಲ್ಲ.

ಇನ್ನು ಹಬ್ಬ ಮುಗಿದ ಮೇಲಿನ ಮಾತು. ಗ್ರೆಚ್ಚೊದ ಆ ಗೋದಲಿಯ ಹುಲ್ಲನ್ನು ಜನರು ಎಸೆಯಲಿಲ್ಲ. ಜೋಪಾನವಾಗಿ ಕಾದಿರಿಸಿದರು, ಕಾಯಿಲೆ ಬಿದ್ದ ಜಾನುವಾರುಗಳಿಗೆ ಅದನ್ನು ತಿನ್ನಿಸಿದಾಗ ಗುಣವಾಯಿತೆಂದು ತೊಮಾಸರು ಬರೆದಿದ್ದಾರೆ. ನಮ್ಮ ಗೋದಲಿಗಳ ಪೈರನ್ನು ಆಡಿಗೋ ಕೋಳಿಗೋ ಹಾಕಬಹುದು. ಬೈಹುಲ್ಲು ಕೊಟ್ಟಿಗೆಗೆ ಹೋಗಲಿ, ಮಣ್ಣು ಹೂವಿನ ಕುಂಡಕ್ಕೆ. ಉಳಿದದ್ದನ್ನು ಅಂಗಳದ ಮೂಲೆಯಲ್ಲಿ ಸುಡುವ ಅಭ್ಯಾಸವನ್ನು ದಯವಿಟ್ಟು ನಿಲ್ಲಿಸಬೇಕು; ಪಿವಿಸಿ ಉರಿದಾಗ ಏಳುವ ಹೊಗೆ ಮಕ್ಕಳ ಶ್ವಾಸಕೋಶಕ್ಕೆ ವಿಷ, ಮತ್ತು 2016ರ ಘನತ್ಯಾಜ್ಯ ನಿಯಮಗಳು ಹೀಗೆ ಬಯಲಿನಲ್ಲಿ ಕಸ ಸುಡುವುದನ್ನು ನಿಷೇಧಿಸಿದವು. ಎಲ್ಇಡಿ ದೀಪಮಾಲೆಗಳು ಹಳೆಯ ಬಲ್ಬುಗಳಿಗಿಂತ ತೀರಾ ಕಡಿಮೆ ವಿದ್ಯುತ್ತು ಬಳಸುವುದು ನಿಜವಾದರೂ ಒಂದು ತಂತಿ ತುಂಡಾದರೆ ಇಡೀ ಮಾಲೆ ಕಸವಾಗುತ್ತದೆ. ಅಂಥವನ್ನು ಮನೆಯ ಕಸದೊಡನೆ ಬೆರೆಸಬಾರದು. ನಮ್ಮ ಧರ್ಮಕೇಂದ್ರದಲ್ಲಿ ಪ್ರಭು ಯೇಸುವಿನ ದೀಕ್ಷಾಸ್ನಾನದ ಆದಿತ್ಯವಾರ, ಗೋದಲಿ ಬಿಚ್ಚುವ ದಿನ, ಎರಡೂ ಬಲಿಪೂಜೆಗಳ ಬಳಿಕ ಸಭಾಭವನದ ಬಾಗಿಲಲ್ಲಿ ಒಂದು ಪೆಟ್ಟಿಗೆ ಇರಿಸಲಾಗುವುದು. ಕೆಟ್ಟ ದೀಪಮಾಲೆ, ಹಳೆಯ ಬ್ಯಾಟರಿಗಳನ್ನು ತಂದು ಅದರಲ್ಲಿ ಹಾಕಿದರೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸುವ ವ್ಯವಸ್ಥೆಯನ್ನು ಯುವಜನರು ಮಾಡುತ್ತಾರೆ. ಉರಿಯುವ ಮಾಲೆಗಳನ್ನು ಸುತ್ತಿ, ಕಾಗದದ ಚೀಲದಲ್ಲಿಟ್ಟು, ಮೇಲೆ ವರ್ಷ ಬರೆದು ಅಟ್ಟಕ್ಕೇರಿಸಿ.